ಮನೆಯಲ್ಲೇ ಜೋಡಿಸಿದ ಆಂಪ್ಲಿಫೈಯರ್‌ನಲ್ಲಿ ಹಮ್: ಎಲ್ಲಿಂದ ಬರುತ್ತಿದೆ, ಹೇಗೆ ನಿಲ್ಲಿಸುವುದು

ಹೊಸದಾಗಿ ಜೋಡಿಸಿದ ಆಂಪ್ಲಿಫೈಯರ್‌ನಲ್ಲಿ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು, ಅಂದರೆ ಹಮ್, ಕೇಳಿಸಿದರೆ ಹೆಚ್ಚಿನವರು ಮೊದಲು ಇನ್ನೊಂದು ಫಿಲ್ಟರ್ ಕೆಪಾಸಿಟರ್ ಸೇರಿಸುತ್ತಾರೆ. ಅದಕ್ಕೂ ಜಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್ ಬದಲಿಸುತ್ತಾರೆ, ಆಮೇಲೆ ಬೋರ್ಡನ್ನೇ ಬದಲಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ಹಮ್ ಇದ್ದಲ್ಲೇ ಇರುತ್ತದೆ. ಬಹುಪಾಲು ಸೆಟ್‌ಗಳಲ್ಲಿ ತಪ್ಪು ಬಿಡಿಭಾಗಗಳಲ್ಲಿ ಇರುವುದಿಲ್ಲ. ಗ್ರೌಂಡ್ ವೈರನ್ನು ಎಲ್ಲಿಂದ ತೆಗೆದು ಎಲ್ಲಿಗೆ ಕೊಟ್ಟಿದ್ದೀರಿ ಎಂಬುದರಲ್ಲಿ ಇರುತ್ತದೆ. ಹಾಗಾಗಿ ಮೊದಲು ಜಾಗ ಹುಡುಕಿ, ಸೋಲ್ಡರಿಂಗ್ ಐರನ್ ಬಿಸಿ ಮಾಡುವುದು ಆಮೇಲೆ.

ಲೆಕ್ಕಕ್ಕೆ ಒಂದು ಸಾಮಾನ್ಯ ಸೆಟ್ ಇಟ್ಟುಕೊಳ್ಳೋಣ: 12-0-12 ವೋಲ್ಟ್, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಒಂದು ಬ್ರಿಡ್ಜ್ ರೆಕ್ಟಿಫೈಯರ್, 4700 ಮೈಕ್ರೋಫ್ಯಾರಡ್ 35 ವೋಲ್ಟ್‌ನ ಎರಡು ಕೆಪಾಸಿಟರ್, ಟಿಡಿಎ 2030ಎ ಎಂಬ ಆಂಪ್ಲಿಫೈಯರ್ ಐಸಿಯ ಎರಡು ಬೋರ್ಡ್, ಅದರ ಮುಂದೆ 4558 ಎಂಬ ಆಪ್-ಆಂಪ್ ಐಸಿಯ ಟೋನ್ ಬೋರ್ಡ್, 50ಕೆ ವಾಲ್ಯೂಮ್ ಕಂಟ್ರೋಲ್, ಬ್ಲೂಟೂತ್-ಯುಎಸ್‌ಬಿ ಪ್ಯಾನೆಲ್, ಎಲ್ಲವೂ ಒಂದು ಕಬ್ಬಿಣದ ಕ್ಯಾಬಿನೆಟ್‌ನೊಳಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಸುತ್ತಿನಲ್ಲಿ ಸಿಗುವ ಸಾಮಾನು ಇದು. ನಿಮ್ಮದು 4440 ಬೋರ್ಡ್ ಆಗಿರಲಿ, ಎಲ್‌ಎಂ 3886 ಆಗಿರಲಿ, ಟ್ರಾನ್ಸಿಸ್ಟರ್ ಬೋರ್ಡ್ ಆಗಿರಲಿ, ಹುಡುಕುವ ದಾರಿ ಒಂದೇ.

ಮುಚ್ಚಳ ತೆಗೆಯುವ ಮೊದಲು

ಕ್ಯಾಬಿನೆಟ್‌ನೊಳಗೆ 230 ವೋಲ್ಟ್ ಇದೆ. ಮೇನ್ಸ್ ಕಾರ್ಡ್, ಸ್ವಿಚ್, ಫ್ಯೂಸ್‌ಗಳ ಬೆತ್ತಲೆ ತುದಿಗಳಿಗೆಲ್ಲ ಸ್ಲೀವ್ ಹಾಕಿ. ವೈರಿಂಗ್ ಬದಲಿಸಿದ ಪ್ರತಿ ಸಲ ಮೊದಲ ಬಾರಿಗೆ ಆನ್ ಮಾಡುವಾಗ 60 ವ್ಯಾಟ್ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬ್ ದಾಟಿಯೇ ಸೆಟ್‌ಗೆ ಹೋಗುವ ಬೋರ್ಡ್) ಮೂಲಕವೇ ಕರೆಂಟ್ ಕೊಡಿ. ಇದಕ್ಕೆ ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಫ್ ಮಾಡಿದ ಮೇಲೆ ಪ್ಲಗ್ ಕಿತ್ತು, 100 ಓಮ್ 5 ವ್ಯಾಟ್ ರೆಸಿಸ್ಟರನ್ನು ಪ್ರತಿ ಫಿಲ್ಟರ್ ಕೆಪಾಸಿಟರಿಗೆ ಐದಾರು ಸೆಕೆಂಡ್ ಹಿಡಿದು ಖಾಲಿ ಮಾಡಿ. ಸ್ಕ್ರೂ ಡ್ರೈವರ್‌ನಿಂದ ಕಿಡಿ ಹಾರಿಸಿ ಖಾಲಿ ಮಾಡಿದರೆ ಕೆಪಾಸಿಟರೂ ಹಾಳು, ಬೋರ್ಡಿನ ಟ್ರ್ಯಾಕೂ ಹಾಳು.

ಪರೀಕ್ಷೆಗೆ ಒಳ್ಳೆಯ ಸ್ಪೀಕರ್ ಬಳಸಬೇಡಿ. ಯಾವ ಸ್ಪೀಕರನ್ನಾದರೂ ಜೋಡಿಸುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ನೋಡಿ. 50 ಮಿಲಿವೋಲ್ಟ್‌ನೊಳಗೆ ಇರಬೇಕು. 4440ರಂಥ ಸಿಂಗಲ್ ಸಪ್ಲೈ (ಪ್ಲಸ್ ಮಾತ್ರ ಇರುವ) ಬೋರ್ಡ್‌ನಲ್ಲಿ ಔಟ್‌ಪುಟ್ ಕೆಪಾಸಿಟರ್ ದಾಟಿದ ಮೇಲೆ ಅಳೆಯಿರಿ.

ಮೀಟರ್ ಬಗ್ಗೆ ಒಂದು ಮಾತು. ಎಲ್ಲರ ಕೈಯಲ್ಲೂ ಇರುವ ಡಿಟಿ 830ಡಿ ಹಳದಿ ಮೀಟರ್‌ನಲ್ಲಿ ಎಸಿಗೆ 200 ಮತ್ತು 750 ವೋಲ್ಟ್ ಎಂಬ ಎರಡೇ ರೇಂಜ್ ಇವೆ. ಹಮ್ ಇರುವುದು ಮಿಲಿವೋಲ್ಟ್‌ಗಳಲ್ಲಿ, ಆದ್ದರಿಂದ ಈ ಕೆಲಸಕ್ಕೆ ಅದು ಸಾಲದು. ಎಸಿ ಮಿಲಿವೋಲ್ಟ್ ರೇಂಜ್ ಇರುವ ಮೀಟರ್ ಬೇಕು. ಇನ್‌ಪುಟ್ ಶಾರ್ಟ್ ಮಾಡಿದಾಗ ಸ್ಪೀಕರ್ ತುದಿಯಲ್ಲಿ 1 ಮಿಲಿವೋಲ್ಟ್‌ಗಿಂತ ಕಡಿಮೆ ಬಂದರೆ ಸೆಟ್ ಸ್ವಚ್ಛ. 10 ಮಿಲಿವೋಲ್ಟ್ ಎಂದರೆ ರಾತ್ರಿ ಫ್ಯಾನ್ ನಿಂತಾಗ ಕೇಳುತ್ತದೆ. 50 ದಾಟಿದರೆ ಕೋಣೆಯ ಆ ತುದಿಯಲ್ಲಿ ಕೂತವರಿಗೂ ಕೇಳುತ್ತದೆ.

ಹಂತ 1: ಸದ್ದನ್ನು ಗುರುತಿಸಿ

ನಮ್ಮ ಮೇನ್ಸ್ 50 ಹರ್ಟ್ಸ್. ಫುಲ್ ವೇವ್ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಹರ್ಟ್ಸ್ ಆಗುತ್ತದೆ. ಈ ಎರಡನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿಯಿತು. ಫೋನಿನಲ್ಲಿ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಂಡು ಮೈಕನ್ನು ವೂಫರ್ ಹತ್ತಿರ ಹಿಡಿಯಿರಿ. ಚಿಕ್ಕ ನಾಲ್ಕು ಇಂಚಿನ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ನುಡಿಸುವುದೇ ಇಲ್ಲ, ಆದ್ದರಿಂದ ಈ ಪರೀಕ್ಷೆಗೆ ಎಂಟು ಇಂಚಿನದೋ ಅದಕ್ಕಿಂತ ದೊಡ್ಡದೋ ಇರಲಿ.

50 ಹರ್ಟ್ಸ್‌ನ ನುಣುಪಾದ, ಆಳವಾದ ಗುಂಯ್ ಬಂದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ತೆರೆದ ಇನ್‌ಪುಟ್ ವೈರ್, ಅಥವಾ ಎರಡು ಉಪಕರಣಗಳ ನಡುವಿನ ಗ್ರೌಂಡ್ ಲೂಪ್ (ಗ್ರೌಂಡ್‌ಗಳು ಎರಡು ದಾರಿಯಲ್ಲಿ ಸೇರಿ ಆಗುವ ಉಂಗುರ) ಮೇಲೆ ಅನುಮಾನ ಪಡಿ. 100 ಹರ್ಟ್ಸ್‌ನ ಒರಟು, ಜುರ್ರ್ ಎನ್ನುವ ಸದ್ದಾದರೆ ಪವರ್ ಸಪ್ಲೈ ಅಥವಾ ಒಳಗಿನ ಗ್ರೌಂಡ್ ವೈರಿಂಗ್. ಒಂದು ಅಪವಾದವಿದೆ: ರೆಕ್ಟಿಫೈಯರ್‌ನ ಒಂದು ಡಯೋಡ್ ಓಪನ್ ಆದರೆ ಅದು ಹಾಫ್ ವೇವ್ ಆಗಿ ರಿಪ್ಪಲ್ (ಸಪ್ಲೈ ವೋಲ್ಟೇಜಿನ ಏರಿಳಿತ) 50 ಹರ್ಟ್ಸ್‌ಗೆ ಇಳಿಯುತ್ತದೆ, ಪ್ರಮಾಣ ದುಪ್ಪಟ್ಟಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ಸೆಟ್ ಇವತ್ತು ಇದ್ದಕ್ಕಿದ್ದಂತೆ ಗುಂಯ್ ಎಂದರೆ ಮೊದಲು ಡಯೋಡ್ ನೋಡಿ, ಆಮೇಲೆ ತಲೆ ಉಬ್ಬಿದ ಕೆಪಾಸಿಟರ್.

ಸದ್ದು ಸ್ಪೀಕರಿನಿಂದ ಬರುತ್ತಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಸ್ಪೀಕರ್ ವೈರ್ ಕಿತ್ತ ಮೇಲೂ ಸದ್ದಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ತಗಡುಗಳ ನಡುಕ. ಬೋಲ್ಟ್ ಬಿಗಿ ಮಾಡಿ, ಕೆಳಗೆ ರಬ್ಬರ್ ವಾಷರ್ ಹಾಕಿ. ಅದಕ್ಕೂ ಗ್ರೌಂಡಿಂಗಿಗೂ ಸಂಬಂಧವಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಈ ಸದ್ದು ಜೋರಾಗಿ, ಸ್ಪೀಕರಿನಲ್ಲೂ ಜುರ್ರ್ ಸೇರಿಕೊಂಡರೆ, ಕಾರಣ ಇನ್ವರ್ಟರ್. ಕರೆಂಟ್ ಬಂದಾಗ ಸರಿಯಾಗುವ ಹಮ್‌ಗಾಗಿ ಆಂಪ್ಲಿಫೈಯರ್ ಬಿಚ್ಚಬೇಡಿ.

ಹಂತ 2: ಹಿಂದಿನಿಂದ ಮುಂದಕ್ಕೆ ಬನ್ನಿ

ಒಂದು ಆರ್‌ಸಿಎ ಪಿನ್ ತೆಗೆದುಕೊಂಡು ಅದರ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಒಳಗೇ ಒಂದು ತುಂಡು ತಂತಿ ಸೋಲ್ಡರ್ ಮಾಡಿ. ಇಂಥ ಶಾರ್ಟಿಂಗ್ ಪಿನ್ ಎರಡು ಮಾಡಿಟ್ಟುಕೊಳ್ಳಿ. ಹಮ್ ಹುಡುಕುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ಉಪಕರಣ ಇನ್ನೊಂದಿಲ್ಲ.

ಹೊರಗಿನ ಎಲ್ಲ ಕೇಬಲ್ ಕಿತ್ತು, ಈ ಪಿನ್‌ಗಳನ್ನು ಇನ್‌ಪುಟ್‌ಗೆ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ. ಹಮ್ ಮಾಯವಾದರೆ ನಿಮ್ಮ ಸೆಟ್ ಸರಿಯಿದೆ, ದೋಷ ಹೊರಗಿದೆ; ನೇರವಾಗಿ ಹಂತ 6ಕ್ಕೆ ಹೋಗಿ. ಹಮ್ ಉಳಿದರೆ ವಾಲ್ಯೂಮ್ ತಿರುಗಿಸಿ ನೋಡಿ. ವಾಲ್ಯೂಮ್ ಜೊತೆ ಹಮ್ ಏರಿಳಿದರೆ ಅದು ಹುಟ್ಟುತ್ತಿರುವುದು ವಾಲ್ಯೂಮ್ ಕಂಟ್ರೋಲಿಗಿಂತ ಮೊದಲು, ಅಂದರೆ ಅದರ ಮುಂಚಿನ ಟೋನ್ ಬೋರ್ಡ್ ಅಥವಾ ಬ್ಲೂಟೂತ್ ಪ್ಯಾನೆಲ್‌ನಲ್ಲಿ. ಎಲ್ಲಿಗೆ ತಿರುಗಿಸಿದರೂ ಅಷ್ಟೇ ಇದ್ದರೆ ಅದರ ನಂತರ. ಎರಡೂ ತುದಿಗಳಲ್ಲಿ ಕಡಿಮೆಯಿದ್ದು ನಡುವೆ ಜಾಸ್ತಿಯಾದರೆ ವಾಲ್ಯೂಮ್‌ನಿಂದ ಬೋರ್ಡಿಗೆ ಹೋಗುವ ವೈರ್ ಗಾಳಿಯಿಂದ ಹಮ್ ಹೀರುತ್ತಿದೆ: 50ಕೆ ಕಂಟ್ರೋಲ್ ನಡುವಿನ ಬಿಂದುವಿನಲ್ಲಿ 12.5 ಕಿಲೋ ಓಮ್ ಮೂಲದಂತೆ ವರ್ತಿಸುತ್ತದೆ. ಅದರ ಹಿಂದೆ ಆಪ್-ಆಂಪ್ ಬೋರ್ಡ್ ಇದ್ದರೆ 10ಕೆ ಕಂಟ್ರೋಲ್ ಹಾಕಿ, ಅದು 2.5 ಕಿಲೋ ಓಮ್‌ಗೆ ಇಳಿಯುತ್ತದೆ. ಶೀಲ್ಡ್ ವೈರ್ (ಹೊರಗೆ ಲೋಹದ ಹೆಣಿಗೆ ಇರುವ ವೈರ್) ಹೇಗೂ ಬೇಕು.

ಬೋರ್ಡಿನ ಹತ್ತಿರವೇ ಕೊನೆಯ ಪರೀಕ್ಷೆ ಮಾಡಿ. ಆಫ್ ಮಾಡಿ, ಪವರ್ ಬೋರ್ಡಿನ ಇನ್‌ಪುಟ್ ವೈರನ್ನು ಪೂರ್ತಿ ಬಿಚ್ಚಿ, ಬೋರ್ಡಿನ ಇನ್‌ಪುಟ್ ಪಿನ್ನನ್ನು ಅದರ ಪಕ್ಕದ ಗ್ರೌಂಡಿಗೆ ಒಂದು ಸೆಂಟಿಮೀಟರ್ ತಂತಿಯಿಂದ ಸೇರಿಸಿ. ಹೀಗೆ ಮಾಡಿಯೂ ಹಮ್ ಇದ್ದರೆ ಪವರ್ ಸಪ್ಲೈ ಅಥವಾ ಆ ಬೋರ್ಡಿನ ಗ್ರೌಂಡ್. ಹೋದರೆ ವೈರ್ ಮರಳಿ ಜೋಡಿಸಿ, ವಾಲ್ಯೂಮ್ ಸೊನ್ನೆಗೆ ಇಟ್ಟು ಕೇಳಿ, ಆಮೇಲೆ ಟೋನ್ ಬೋರ್ಡ್, ಆಮೇಲೆ ಪ್ಯಾನೆಲ್. ಪ್ರತಿ ಸಲ ಒಂದೇ ಒಂದು ಜೋಡಣೆ ಸೇರಿಸಿ. ಯಾವುದನ್ನು ಸೇರಿಸಿದಾಗ ಹಮ್ ಹುಟ್ಟಿತೋ ಅಲ್ಲಿದೆ ದೋಷ. ಟೋನ್ ಬೋರ್ಡಿನ ಔಟ್‌ಪುಟ್ಟನ್ನು ಹಾಗೇ ಗ್ರೌಂಡಿಗೆ ಶಾರ್ಟ್ ಮಾಡಬೇಡಿ, ವೈರ್ ಬಿಚ್ಚಿಯೇ ಪರೀಕ್ಷಿಸಿ. ಬಾಸ್ ಕಂಟ್ರೋಲ್ ಪೂರ್ತಿ ಏರಿಸಿಟ್ಟರೆ 50 ಮತ್ತು 100 ಹರ್ಟ್ಸ್ ಎರಡೂ ಹತ್ತು-ಹದಿನೈದು ಡೆಸಿಬೆಲ್ ಮೇಲೇರುತ್ತವೆ, ಆದ್ದರಿಂದ ಪರೀಕ್ಷೆಯುದ್ದಕ್ಕೂ ಬಾಸ್ ನಡುವಿನಲ್ಲೇ ಇರಲಿ.

ಹಂತ 3: ಪವರ್ ಸಪ್ಲೈಯ ಗ್ರೌಂಡ್

ಹೆಚ್ಚಿನ ಹಮ್ ಹುಟ್ಟುವ ಜಾಗ ಇದೇ, ಇಲ್ಲಿ ನಿಧಾನವಾಗಿ ನೋಡಬೇಕು.

ಮೊದಲು ಕೆಪಾಸಿಟರಿನ ಲೆಕ್ಕ. ರಿಪ್ಪಲ್ ಎಷ್ಟು ಎಂದು ತಿಳಿಯಲು ಕರೆಂಟನ್ನು 100 ಹರ್ಟ್ಸ್ ಮತ್ತು ಕೆಪಾಸಿಟರಿನ ಮೌಲ್ಯ (ಫ್ಯಾರಡ್‌ನಲ್ಲಿ), ಇವೆರಡರ ಗುಣಲಬ್ಧದಿಂದ ಭಾಗಿಸಿ. ಹಾಡಿಲ್ಲದೆ ಸುಮ್ಮನಿರುವಾಗ ಎರಡು 2030ಎ ಬೋರ್ಡ್ ಸೇರಿ ಸುಮಾರು 100 ಮಿಲಿಆಂಪ್ ಎಳೆಯುತ್ತವೆ. 4700 ಮೈಕ್ರೋಫ್ಯಾರಡ್‌ಗೆ ಅದು ಸುಮಾರು 0.2 ವೋಲ್ಟ್ ರಿಪ್ಪಲ್. ಸಪ್ಲೈಯ ಈ ಏರಿಳಿತವನ್ನು ಐಸಿ ತಾನೇ ಬಹುಪಾಲು ತಡೆಯುತ್ತದೆ, ಸ್ಪೀಕರಿಗೆ ತಲುಪುವುದು ಅಳೆಯಲೂ ಕಷ್ಟವಾಗುವಷ್ಟು. ಹಾಡಿಲ್ಲದಾಗಲೇ ಹಮ್ ಕೇಳುತ್ತಿದೆ, ಕೆಪಾಸಿಟರುಗಳು ಒಳ್ಳೆಯವು ಎಂದಾದರೆ, 10,000 ಮೈಕ್ರೋಫ್ಯಾರಡ್ ಹಾಕಿದರೂ ಉಪಯೋಗವಿಲ್ಲ.

ಈಗ ವೈರಿನ ಲೆಕ್ಕ. ಬ್ರಿಡ್ಜ್ ಕೆಪಾಸಿಟರನ್ನು ಎಡೆಬಿಡದೆ ತುಂಬುವುದಿಲ್ಲ. ಪ್ರತಿ ಅರ್ಧ ಸೈಕಲ್‌ನ ಶಿಖರದಲ್ಲಿ ಒಂದೆರಡು ಮಿಲಿಸೆಕೆಂಡ್ ಮಾತ್ರ ತುಂಬುತ್ತದೆ. ಆ ಅಲ್ಪ ಸಮಯದಲ್ಲೇ ಪೂರ್ತಿ ಕರೆಂಟ್ ಹರಿಯಬೇಕಾದ್ದರಿಂದ 100 ಮಿಲಿಆಂಪ್ ಸರಾಸರಿಗೆ ಸುಮಾರು 1 ಆಂಪಿಯರ್‌ನ ಬಡಿತಗಳು ಬರುತ್ತವೆ. ಡ್ಯುಯಲ್ ಸಪ್ಲೈಯಲ್ಲಿ (ಪ್ಲಸ್, ಮೈನಸ್ ಎರಡೂ ಇರುವಲ್ಲಿ) ಈ ಬಡಿತ ಒಂದು ಕೆಪಾಸಿಟರ್ ದಾಟಿ, ಎರಡನ್ನೂ ಸೇರಿಸುವ ನಡುವಿನ ವೈರ್ ಮೂಲಕ ಇನ್ನೊಂದಕ್ಕೆ ಹೋಗುತ್ತದೆ. ಆ ನಡುವಿನ ವೈರನ್ನೇ ನಾವು ಗ್ರೌಂಡ್ ಎನ್ನುತ್ತೇವೆ. 14/36 ವೈರಿನ (36 ಗೇಜಿನ 14 ಎಳೆ) ತಾಮ್ರ ಸುಮಾರು 0.4 ಚದರ ಮಿಲಿಮೀಟರ್. ಅದರ 10 ಸೆಂಟಿಮೀಟರಿಗೆ ಸುಮಾರು 4 ಮಿಲಿಓಮ್ ರೆಸಿಸ್ಟೆನ್ಸ್. 1 ಆಂಪಿಯರ್ ಬಡಿತಕ್ಕೆ ಅದರ ಎರಡು ತುದಿಗಳ ನಡುವೆ 4 ಮಿಲಿವೋಲ್ಟ್. ಇನ್‌ಪುಟ್ ಗ್ರೌಂಡನ್ನು ಒಂದು ತುದಿಗೂ ಬೋರ್ಡ್ ಗ್ರೌಂಡನ್ನು ಇನ್ನೊಂದು ತುದಿಗೂ ಕೊಟ್ಟಿದ್ದರೆ ಈ 4 ಮಿಲಿವೋಲ್ಟ್ ಹಾಡಿನ ಜೊತೆಯಲ್ಲೇ ಬೋರ್ಡಿನೊಳಕ್ಕೆ ಹೋಗುತ್ತದೆ. 2030ರ ಮಾಮೂಲಿ ಬೋರ್ಡಿನಲ್ಲಿ 22ಕೆ ಮತ್ತು 680 ಓಮ್ ಫೀಡ್‌ಬ್ಯಾಕ್ ಇರುತ್ತದೆ, ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) 33 ಪಟ್ಟು. ಸ್ಪೀಕರಿಗೆ ಬಡಿತದ ತುದಿಯಲ್ಲಿ 130 ಮಿಲಿವೋಲ್ಟ್! ಒಂದು ಗೇಣೂ ಇಲ್ಲದ ವೈರ್ ತಪ್ಪು ಜಾಗದಲ್ಲಿ ಸೇರಿದ್ದಕ್ಕೆ ಇಷ್ಟು. 4440ರ ಗೇನ್ ಸುಮಾರು 51 ಡೆಸಿಬೆಲ್, ಮುನ್ನೂರೈವತ್ತು ಪಟ್ಟಿಗೂ ಮೇಲೆ. ಆ ಬೋರ್ಡುಗಳು ಹಮ್‌ಗೆ ಕುಖ್ಯಾತವಾದದ್ದು ಇದಕ್ಕೇ.

ವೈರಿಂಗನ್ನು ಹೀಗೆ ಮಾಡಿ:

1. ಟ್ರಾನ್ಸ್‌ಫಾರ್ಮರಿನ ಮೂರೂ ಸೆಕೆಂಡರಿ ವೈರುಗಳನ್ನು ಜಡೆಯಂತೆ ಹೆಣೆದು ತನ್ನಿ. ಎರಡು 12 ವೋಲ್ಟ್ ತುದಿಗಳು ಬ್ರಿಡ್ಜ್‌ಗೆ. ಸೆಂಟರ್ ಟ್ಯಾಪ್ (ನಡುವಿನ 0 ವೈರ್) ನೇರವಾಗಿ ಎರಡು ಕೆಪಾಸಿಟರ್ ಸೇರುವ ಬಿಂದುವಿಗೆ. ಕ್ಯಾಬಿನೆಟ್ ಸ್ಕ್ರೂಗೂ ಕೊಡಬೇಡಿ, ಬೋರ್ಡಿಗೂ ಕೊಡಬೇಡಿ.

2. ಎರಡು ಕೆಪಾಸಿಟರ್‌ಗಳನ್ನು ಒತ್ತಾಗಿ ನಿಲ್ಲಿಸಿ, ನಡುವಿನ ಸೇತುವೆಯನ್ನು ದಪ್ಪ ತಾಮ್ರದ ತಂತಿಯಿಂದ, ಆದಷ್ಟು ಗಿಡ್ಡವಾಗಿ ಮಾಡಿ. ಬ್ರಿಡ್ಜ್‌ನಿಂದ ಕೆಪಾಸಿಟರಿಗೆ 40/36 ವೈರ್.

3. ಆ ಸೇತುವೆಯ ನಡುವಿನಿಂದ ಮೂರು-ನಾಲ್ಕು ಸೆಂಟಿಮೀಟರ್ ಉದ್ದದ ಒಂದೇ ದಪ್ಪ ವೈರ್ ಹೊರತೆಗೆಯಿರಿ. ಅದರ ತುದಿಯೇ ಸ್ಟಾರ್ ಪಾಯಿಂಟ್. ಬಡಿತಗಳು ಸೇತುವೆಯಲ್ಲೇ ಓಡಾಡುತ್ತವೆ, ಈ ಕವಲಿಗೆ ಬರುವುದಿಲ್ಲ. ಸೇತುವೆಯನ್ನೇ ಸ್ಟಾರ್ ಮಾಡಿಬಿಡುವುದು ಎಲ್ಲರೂ ಮಾಡುವ ತಪ್ಪು.

4. ಸ್ಟಾರ್ ಪಾಯಿಂಟ್‌ಗೆ ಬರಬೇಕಾದವು: ಎರಡೂ ಸ್ಪೀಕರಿನ ನೆಗೆಟಿವ್, ಎರಡೂ ಬೋರ್ಡಿನ ಸಪ್ಲೈ ಗ್ರೌಂಡ್, ಟೋನ್ ಬೋರ್ಡಿನ ಗ್ರೌಂಡ್. ಪ್ರತಿಯೊಂದಕ್ಕೂ ಬೇರೆ ಬೇರೆ ವೈರ್. ಒಂದರಿಂದ ಇನ್ನೊಂದಕ್ಕೆ ಸರಪಳಿ ಮಾಡಬೇಡಿ.

ಪ್ಲಸ್, ಮೈನಸ್, ಗ್ರೌಂಡ್ ಮೂರನ್ನೂ ಒಟ್ಟಿಗೆ ಹೆಣೆದು ಬೋರ್ಡಿಗೆ ಒಯ್ಯಿರಿ. 4440ರಂಥ ಸಿಂಗಲ್ ಸಪ್ಲೈಗೆ ಎರಡು ಡಯೋಡ್ ಹಾಕಿದಾಗ ಬಡಿತ ಪೂರ್ತಿಯಾಗಿ ಸೆಂಟರ್ ಟ್ಯಾಪ್ ವೈರಿನಲ್ಲೇ ಹರಿಯುತ್ತದೆ. ಅಲ್ಲಿ ಆ ವೈರ್ ಕೆಪಾಸಿಟರಿನ ನೆಗೆಟಿವ್ ಕಾಲಿಗೇ ಮುಟ್ಟಬೇಕು. ಬೋರ್ಡಿನ ಗ್ರೌಂಡ್ ಅದೇ ಕಾಲಿನಿಂದ ಬೇರೆ ವೈರಿನಲ್ಲಿ ಹೊರಡಬೇಕು.

ವೋಲ್ಟೇಜನ್ನೂ ನೋಡಿಬಿಡಿ. 12-0-12 ಬ್ರಿಡ್ಜ್ ದಾಟಿದ ಮೇಲೆ ಪ್ಲಸ್-ಮೈನಸ್ 16ರ ಆಸುಪಾಸು ಬರುತ್ತದೆ, ಲೋಡ್ ಇಲ್ಲದಾಗ ಮತ್ತು ಮೇನ್ಸ್ ಏರಿದಾಗ ಇನ್ನೂ ಜಾಸ್ತಿ. ಬರೀ 2030ಕ್ಕೆ ಪ್ಲಸ್-ಮೈನಸ್ 18 ಮಿತಿ, 2030ಎಗೆ 22. ಹಿಂದಿನ ‘ಎ’ ಗಮನಿಸಿ ಕೊಳ್ಳಿ.

ಹಂತ 4: ಬೋರ್ಡ್, ಶೀಲ್ಡ್, ಹೀಟ್ ಸಿಂಕ್

ಇನ್‌ಪುಟ್ ಸಾಕೆಟ್‌ನಿಂದ ಶೀಲ್ಡ್ ವೈರ್ ವಾಲ್ಯೂಮ್ ಕಂಟ್ರೋಲಿನ ಗ್ರೌಂಡ್ ಕಾಲಿಗೆ, ಅಲ್ಲಿಂದ ಇನ್ನೊಂದು ಶೀಲ್ಡ್ ವೈರ್ ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ. ವಾಲ್ಯೂಮ್‌ನ ಗ್ರೌಂಡ್ ಕಾಲಿನಿಂದ ಕ್ಯಾಬಿನೆಟ್ಟಿಗೋ ಸ್ಟಾರ್‌ಗೋ ಮತ್ತೊಂದು ವೈರ್ ಎಳೆದರೆ ನೀವೇ ಲೂಪ್ ಮಾಡಿದಂತೆ. ಆರ್‌ಸಿಎ ಸಾಕೆಟ್ ಲೋಹದ ಕ್ಯಾಬಿನೆಟ್ಟಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಎರಡೂ ಬದಿಗೆ ಇರಬೇಕು. ಹಾಕಿದ ಮೇಲೆ ಮೀಟರಿನ ಬೀಪ್‌ನಲ್ಲಿ ಖಾತ್ರಿ ಮಾಡಿ. ಸ್ಕ್ರೂ ಬಿಗಿಯುವಾಗ ವಾಷರ್ ಜಾರುವುದು ಸಾಮಾನ್ಯ.

ಸ್ಟೀರಿಯೋದಲ್ಲಿ ಇನ್ನೊಂದು ತೊಡಕು. ಎಡ-ಬಲ ಎರಡೂ ಶೀಲ್ಡ್‌ಗಳು ವಾಲ್ಯೂಮ್ ಹತ್ತಿರ ಒಂದಾಗುತ್ತವೆ, ಎರಡೂ ಬೋರ್ಡಿನ ಸಪ್ಲೈ ಗ್ರೌಂಡ್‌ಗಳು ಸ್ಟಾರ್‌ನಲ್ಲಿ ಒಂದಾಗುತ್ತವೆ. ಬೋರ್ಡಿನೊಳಗೆ ಇನ್‌ಪುಟ್ ಗ್ರೌಂಡೂ ಸಪ್ಲೈ ಗ್ರೌಂಡೂ ಒಂದೇ ಟ್ರ್ಯಾಕ್ ಆದ್ದರಿಂದ ಒಂದು ದೊಡ್ಡ ತಂತಿಯ ಉಂಗುರ ತಯಾರಾಯಿತು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಆ ಉಂಗುರದ ಮೂಲಕ ಹಾದರೆ 50 ಹರ್ಟ್ಸ್ ಹುಟ್ಟುತ್ತದೆ. ಒಂದು ಚಾನೆಲ್ ಮಾತ್ರ ಜೋಡಿಸಿದಾಗ ಹಮ್ ಇಲ್ಲ, ಎರಡನೆಯದನ್ನು ಜೋಡಿಸಿದ ಕೂಡಲೇ ಎರಡರಲ್ಲೂ ಹಮ್ ಎಂದರೆ ಇದೇ ಕಾಯಿಲೆ.

ಸುಲಭದ ಪರಿಹಾರ, ಉಂಗುರದ ವಿಸ್ತೀರ್ಣ ಕುಗ್ಗಿಸುವುದು: ಎಡ-ಬಲ ಶೀಲ್ಡ್ ವೈರುಗಳನ್ನು ಪರಸ್ಪರ ಸುತ್ತಿ, ಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು, ಸಪ್ಲೈ ವೈರುಗಳನ್ನು ಅದೇ ದಾರಿಯಲ್ಲಿ ತನ್ನಿ. ಪಕ್ಕಾ ಪರಿಹಾರ ಬೇಕಾದರೆ ಪ್ರತಿ ಬೋರ್ಡಿನಲ್ಲೂ ಇನ್‌ಪುಟ್ ಗ್ರೌಂಡ್ ಟ್ರ್ಯಾಕನ್ನು ಸಪ್ಲೈ ಗ್ರೌಂಡಿನಿಂದ ಬ್ಲೇಡಿನಲ್ಲಿ ಕತ್ತರಿಸಿ ಬೇರ್ಪಡಿಸಿ, ಎರಡರ ನಡುವೆ 10 ಓಮ್ ಕಾಲು ವ್ಯಾಟ್ ರೆಸಿಸ್ಟರ್ ಹಾಕಿ. ಫೀಡ್‌ಬ್ಯಾಕ್‌ನ 680 ಓಮ್ ಜೊತೆಗಿರುವ 22 ಮೈಕ್ರೋಫ್ಯಾರಡ್ ಕೆಪಾಸಿಟರಿನ ಕಾಲು, ಇನ್‌ಪುಟ್ ಪಿನ್ನಿನ 22ಕೆ ರೆಸಿಸ್ಟರ್, ಎರಡೂ ಇನ್‌ಪುಟ್ ಗ್ರೌಂಡ್ ಬದಿಗೇ ಇರಬೇಕು. ಔಟ್‌ಪುಟ್‌ನ 1 ಓಮ್-0.22 ಮೈಕ್ರೋಫ್ಯಾರಡ್ ಜೋಡಿ ಮತ್ತು ಸಪ್ಲೈಯ 0.1 ಮೈಕ್ರೋಫ್ಯಾರಡ್ ಸಪ್ಲೈ ಗ್ರೌಂಡ್ ಬದಿಗೆ. ಇವನ್ನು ಅದಲುಬದಲು ಮಾಡಿದರೆ ಹಮ್ ಹೋಗಿ ಆಸಿಲೇಷನ್ (ಬೋರ್ಡ್ ತಾನಾಗಿಯೇ ಸಿಗ್ನಲ್ ಹುಟ್ಟಿಸುವುದು) ಬರಬಹುದು, ಆಗ ಐಸಿ ಹಾಡಿಲ್ಲದೆಯೇ ಬಿಸಿಯಾಗುತ್ತದೆ.

2030ರ ಲೋಹದ ಬೆನ್ನು ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಡ್ಯುಯಲ್ ಸಪ್ಲೈಯಲ್ಲಿ ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್ ಇಲ್ಲದೆ ಹೀಟ್ ಸಿಂಕ್‌ಗೆ ಬಿಗಿದು, ಆ ಹೀಟ್ ಸಿಂಕ್ ಕ್ಯಾಬಿನೆಟ್ಟಿಗೆ ತಾಗಿದರೆ ಮೈನಸ್ 16 ವೋಲ್ಟ್ ಕ್ಯಾಬಿನೆಟ್ಟಿಗೆ ಬಂದಂತೆ. ಕ್ಯಾಬಿನೆಟ್ ಗ್ರೌಂಡಿಗೆ ಸೇರಿದ್ದರೆ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಹೋಗುತ್ತದೆ. ಆನ್ ಮಾಡುವ ಮೊದಲು ಹೀಟ್ ಸಿಂಕ್‌ಗೂ ಐಸಿ ಬೆನ್ನಿಗೂ ನಡುವೆ ಬೀಪ್ ಬರಬಾರದು.

ವಾಲ್ಯೂಮ್ ಕಂಟ್ರೋಲಿನ ಲೋಹದ ಮೈ ಮುಟ್ಟಿದಾಗ ಹಮ್ ಕಡಿಮೆಯಾದರೆ ಆ ಮೈ ಕ್ಯಾಬಿನೆಟ್ಟಿಗೆ ಸೇರಿಲ್ಲ. ಮರದ ಅಥವಾ ಪ್ಲಾಸ್ಟಿಕ್ ಮುಂಭಾಗ ಇರುವ ಸೆಟ್‌ಗಳಲ್ಲಿ ಇದು ತಪ್ಪದೆ ಕಾಣುತ್ತದೆ. ಬೆನ್ನನ್ನು ಉಜ್ಜಿ, ಒಂದೇ ಒಂದು ವೈರಿನಿಂದ ಕ್ಯಾಬಿನೆಟ್ ಅರ್ಥ್‌ಗೆ ಕೊಡಿ. ಮುಟ್ಟುವ ಮೊದಲು ಮೀಟರಿನಲ್ಲಿ ಅಲ್ಲಿ ವೋಲ್ಟೇಜ್ ಇಲ್ಲ ಎಂದು ನೋಡಿಕೊಳ್ಳಿ.

ಟ್ರಾನ್ಸ್‌ಫಾರ್ಮರನ್ನು ಎಲ್ಲಿಡಬೇಕು ಎಂಬುದಕ್ಕೆ ಕೊರೆಯುವ ಮೊದಲೇ ಪ್ರಯೋಗ ಮಾಡಿ. ಪ್ರೈಮರಿ ತುದಿಗಳಿಗೆ ಸ್ಲೀವ್ ಹಾಕಿ, ಉದ್ದ ವೈರ್ ಕೊಟ್ಟು, ಮರದ ಹಲಗೆಯ ಮೇಲೆ ಇಟ್ಟು, ಸಿಗ್ನಲ್ ಬೋರ್ಡಿನಿಂದ ದೂರ ಸರಿಸುತ್ತಾ, ಹಲಗೆಯನ್ನೇ 90 ಡಿಗ್ರಿ ತಿರುಗಿಸುತ್ತಾ ಮೀಟರ್ ನೋಡಿ. ದೂರ ದುಪ್ಪಟ್ಟಾದರೆ ಕಾಂತಕ್ಷೇತ್ರ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ, ಆದ್ದರಿಂದ ಐದು ಸೆಂಟಿಮೀಟರನ್ನು ಹತ್ತು ಮಾಡುವುದರಲ್ಲಿ ಬಹಳ ಲಾಭವಿದೆ. ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿದರೆ 50 ಹರ್ಟ್ಸ್ ಕಾಂತಕ್ಷೇತ್ರ ನಿಲ್ಲುವುದಿಲ್ಲ. ಕಬ್ಬಿಣದ ತಗಡು ಬೇಕು. ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಹಾಕಿದ್ದರೆ ಅದರ ನಡುವಿನ ಬೋಲ್ಟ್ ಕೆಳಗಿನ ತಗಡಿಗೂ ಮೇಲಿನ ಮುಚ್ಚಳಕ್ಕೂ ಏಕಕಾಲಕ್ಕೆ ತಾಗಬಾರದು. ತಾಗಿದರೆ ಕ್ಯಾಬಿನೆಟ್ಟೇ ಒಂದು ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಹಂತ 5: ಬ್ಲೂಟೂತ್ ಪ್ಯಾನೆಲ್

ಆಕ್ಸ್‌ನಲ್ಲಿ (ಕೇಬಲ್ ಇನ್‌ಪುಟ್‌ನಲ್ಲಿ) ಶುದ್ಧವಾಗಿದ್ದು ಬ್ಲೂಟೂತ್‌ಗೆ ಹಾಕಿದಾಗ ಕೀ, ಟಿಕ್-ಟಿಕ್, ಚಿರ್ ಎಂಬ ಸದ್ದುಗಳು ಬಂದರೆ ಅದು ಮೇನ್ಸ್ ಹಮ್ ಅಲ್ಲ. ಪ್ಯಾನೆಲ್ಲಿನ ಡಿಜಿಟಲ್ ಕರೆಂಟ್ ಸಪ್ಲೈ ಗ್ರೌಂಡಿನಲ್ಲೂ ಆಡಿಯೋ ಶೀಲ್ಡ್‌ನಲ್ಲೂ ಹಂಚಿಕೊಂಡು ಮರಳುತ್ತಿದೆ. ಶೀಲ್ಡ್‌ನಲ್ಲಿ ಹರಿದ ಪಾಲು ಸದ್ದಾಗಿ ಕೇಳುತ್ತದೆ. ಪ್ಯಾನೆಲ್ಲಿಗೆ 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಐಸಿಯ ಮುಂದೆ ಎಷ್ಟೇ ಕೆಪಾಸಿಟರ್ ಹಾಕಿದರೂ ಇದು ಪೂರ್ತಿ ಹೋಗದು.

ದಾರಿ ಎರಡು. ಪ್ಯಾನೆಲ್ಲಿಗೆ ಪ್ರತ್ಯೇಕವಾದ ಚಿಕ್ಕ ಟ್ರಾನ್ಸ್‌ಫಾರ್ಮರ್, ಅಥವಾ 7805ರ ನಂತರ ಬಿ0505ಎಸ್ ಎಂಬ ಐಸೊಲೇಟೆಡ್ ಕನ್ವರ್ಟರ್ (ಇನ್‌ಪುಟ್, ಔಟ್‌ಪುಟ್ ಗ್ರೌಂಡ್ ಬೇರೆ ಬೇರೆ ಇರುವುದು). ಒಂದು ವ್ಯಾಟ್‌ನದು 200 ಮಿಲಿಆಂಪ್ ಕೊಡುತ್ತದೆ. ಪೆನ್‌ಡ್ರೈವ್ ಚುಚ್ಚಿ ಹಾಡು ಓಡಿಸುವಾಗ ನಿಮ್ಮ ಪ್ಯಾನೆಲ್ ಎಷ್ಟು ಎಳೆಯುತ್ತದೆ ಅಳೆದು, ಅದಕ್ಕಿಂತ ಜಾಸ್ತಿಯಿದ್ದರೆ ಎರಡು ವ್ಯಾಟ್‌ನದು ತನ್ನಿ. ಕನ್ವರ್ಟರಿನ ಔಟ್‌ಪುಟ್ ಗ್ರೌಂಡನ್ನು ಸ್ಟಾರ್‌ಗೆ ಸೇರಿಸಿದರೆ ಹಣ ದಂಡ. ಪ್ಯಾನೆಲ್ ಗ್ರೌಂಡ್ ಸೆಟ್‌ಗೆ ಸೇರುವುದು ಆಡಿಯೋ ಶೀಲ್ಡ್ ಮೂಲಕ ಮಾತ್ರ. ಪ್ಯಾನೆಲ್ಲಿನ ಲೋಹದ ಯುಎಸ್‌ಬಿ ಸಾಕೆಟ್ ಕ್ಯಾಬಿನೆಟ್ ಅಂಚಿಗೆ ತಾಗಿದರೂ ಐಸೊಲೇಷನ್ ಮುಗಿದಂತೆ.

ಹಂತ 6: ಹೊರಗಿನ ಉಪಕರಣಗಳು, ಅರ್ಥಿಂಗ್

ಕ್ಯಾಬಿನೆಟ್ ಲೋಹದ್ದಾಗಿದ್ದರೆ ಮೂರು ಪಿನ್ ಕಾರ್ಡ್ ಕಡ್ಡಾಯ. ಹಸಿರು ವೈರಿಗೆ ಬಳೆಯಂಥ ಲಗ್ ಕ್ರಿಂಪ್ ಮಾಡಿ, ಬಣ್ಣ ಕೆರೆದ ಜಾಗದಲ್ಲಿ, ಹಲ್ಲಿನ ವಾಷರ್ ಹಾಕಿ, ಅದಕ್ಕೆಂದೇ ಇರುವ ಬೋಲ್ಟಿನಲ್ಲಿ ಬಿಗಿಯಿರಿ. ಟ್ರಾನ್ಸ್‌ಫಾರ್ಮರಿನ ಬೋಲ್ಟನ್ನು ಇದಕ್ಕೆ ಬಳಸಬೇಡಿ. ಅರ್ಥ್ ಪಿನ್ ಕಿತ್ತರೆ ಹಮ್ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಹಮ್ ಹೋಗುವುದು ನಿಜ; ಪ್ರೈಮರಿ ಸುರುಳಿ ಎಂದಾದರೂ ಕ್ಯಾಬಿನೆಟ್ಟಿಗೆ ಶಾರ್ಟ್ ಆದ ದಿನ ವಾಲ್ಯೂಮ್ ನಾಬ್ ಮುಟ್ಟಿದ ಮಗುವಿನ ಪ್ರಾಣ ಹೋಗುವುದೂ ಅಷ್ಟೇ ನಿಜ. ಆ ಕೆಲಸ ಮಾಡಲೇಬೇಡಿ, ಯಾರಿಗೂ ಹೇಳಲೂಬೇಡಿ.

ಮನೆಯ ಅರ್ಥಿಂಗ್ ಇದೆಯೇ ಎಂದು ಸಾಕೆಟ್‌ನಲ್ಲಿ ನೋಡಿ. ಫೇಸ್-ಅರ್ಥ್ ನಡುವೆ ಫೇಸ್-ನ್ಯೂಟ್ರಲ್‌ನಷ್ಟೇ ವೋಲ್ಟೇಜ್, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್-ಅರ್ಥ್ ನೂರರ ಆಸುಪಾಸಿನಲ್ಲಿ ತೂಗಾಡಿದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೂ ಅರ್ಥಿಂಗ್ ದುರ್ಬಲವಾಗುತ್ತದೆ, ನೀರು ಹೊಯ್ಯಿರಿ. ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿಯೆಂದಲ್ಲ, ಎಲೆಕ್ಟ್ರಿಷಿಯನ್‌ನಿಂದ ಲೋಡ್ ಕೊಟ್ಟು ಪರೀಕ್ಷೆ ಮಾಡಿಸಿ.

ಈಗ ಮೂಲದ ಉಪಕರಣ. ಕೇಬಲ್ ಚುಚ್ಚುವ ಮೊದಲು, ಎರಡೂ ಆನ್ ಇರುವಾಗ, ಕಂಪ್ಯೂಟರಿನ ಆಡಿಯೋ ಕೇಬಲ್ಲಿನ ಹೊರಬಳೆಗೂ ಆಂಪ್ಲಿಫೈಯರ್ ಸಾಕೆಟ್ಟಿನ ಹೊರಬಳೆಗೂ ನಡುವೆ ಎಸಿ ಅಳೆಯಿರಿ. ಕೆಲವು ಮಿಲಿವೋಲ್ಟ್ ಬಂದರೆ ಎರಡೂ ಅರ್ಥ್ ಆಗಿವೆ, ಹಮ್ ಇದ್ದರೆ ಅದು ಗ್ರೌಂಡ್ ಲೂಪ್. 50ರಿಂದ 110 ವೋಲ್ಟ್ ಬಂದರೆ ಎರಡರಲ್ಲೊಂದು ಅರ್ಥ್ ಆಗಿಲ್ಲ. ಚಾರ್ಜರಿನೊಳಗಿನ ಚಿಕ್ಕ ಕೆಪಾಸಿಟರ್ ಮೂಲಕ ಮೇನ್ಸ್ ಸೋರಿ ಬರುತ್ತಿದೆ. ಎರಡು ಪಿನ್ ಚಾರ್ಜರಿನ ಲ್ಯಾಪ್‌ಟಾಪ್ ಮೈ ಜುಮ್ಮೆನ್ನುವುದು ಇದರಿಂದಲೇ. ಇಂಥಲ್ಲಿ ಆನ್ ಇರುವಾಗ ಕೇಬಲ್ ಚುಚ್ಚಬೇಡಿ, ಇನ್‌ಪುಟ್ ಐಸಿ ಸುಡಬಹುದು.

ಟಿವಿ ಜೋಡಿಸಿದಾಗ ಮಾತ್ರ ಹಮ್ ಬಂದರೆ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಕಿತ್ತು ನೋಡಿ. ನಿಂತರೆ ಬೀದಿಯ ಕೇಬಲ್ಲಿನ ಹೊರಹೆಣಿಗೆಯೇ ಇನ್ನೊಂದು ಅರ್ಥ್ ತರುತ್ತಿದೆ. ಕೇಬಲ್ ಟಿವಿಯಾದರೆ ಗ್ಯಾಲ್ವನಿಕ್ ಐಸೊಲೇಟರ್ (ಸಿಗ್ನಲ್ ಬಿಟ್ಟು ಗ್ರೌಂಡ್ ಜೋಡಣೆ ತಡೆಯುವ ಸಾಧನ) ಹಾಕಬಹುದು. ಡಿಶ್‌ಗೆ ಹಾಕಬೇಡಿ, ಛಾವಣಿಯ ಎಲ್‌ಎನ್‌ಬಿಗೆ (ಡಿಶ್ ಮುಂದಿನ ಸಿಗ್ನಲ್ ಹಿಡಿಯುವ ಭಾಗಕ್ಕೆ) 13-18 ವೋಲ್ಟ್ ಡಿಸಿ ಅದೇ ಕೇಬಲ್ಲಿನಲ್ಲಿ ಹೋಗಬೇಕು, ಐಸೊಲೇಟರ್ ಅದನ್ನೂ ತಡೆಯುತ್ತದೆ. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಒಂದು ಸಣ್ಣ ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಆಡಿಯೋ ಆಗಿ ಬದಲಿಸುವ ಪೆಟ್ಟಿಗೆ) ಕೊಂಡು ಆ ದಾರಿ ಹಿಡಿಯಿರಿ: ಬೆಳಕಿನ ಎಳೆಯಲ್ಲಿ ಗ್ರೌಂಡ್ ಹರಿಯುವುದೇ ಇಲ್ಲ.

ಕಂಪ್ಯೂಟರಿನ ಲೂಪ್‌ಗೆ ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಸಿಗುವ ಗ್ರೌಂಡ್ ಲೂಪ್ ಐಸೊಲೇಟರ್ ಬೇಗನೆ ಕೆಲಸ ಮಾಡುತ್ತದೆ. ಒಳಗಿರುವುದು ಎರಡು ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್. ಅಗ್ಗದವುಗಳಲ್ಲಿ ಆಳದ ಬಾಸ್ ಸವೆಯುತ್ತದೆ. ಸುದ್ದಿ, ಧಾರಾವಾಹಿಗೆ ಸಾಕು, ಮೃದಂಗ, ತಬಲಾ ಕೇಳುವವರಿಗೆ ಕೊರತೆ ಕಾಣುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಹತ್ತಿರ ಇಟ್ಟರೆ ಅದೇ ಹಮ್ ಹೀರುತ್ತದೆ, ಆದ್ದರಿಂದ ಕ್ಯಾಬಿನೆಟ್ ಹೊರಗೇ ಇರಲಿ.

ಬಾಸ್ ಬಿಟ್ಟುಕೊಡದೆ ಅರ್ಥ್ ಕೂಡ ಉಳಿಸಿಕೊಳ್ಳುವ ಉತ್ತಮ ದಾರಿ, ಆಂಪ್ಲಿಫೈಯರ್ ಒಳಗೇ ಲೂಪ್ ಬ್ರೇಕರ್. ಕ್ಯಾಬಿನೆಟ್ ಎಂದಿನಂತೆ ನೇರವಾಗಿ ಮೇನ್ಸ್ ಅರ್ಥ್‌ಗೆ. ಸ್ಟಾರ್ ಪಾಯಿಂಟನ್ನು ಮಾತ್ರ ಕ್ಯಾಬಿನೆಟ್ಟಿಗೆ ನೇರ ಸೇರಿಸದೆ, 10 ಓಮ್ 5 ವ್ಯಾಟ್ ರೆಸಿಸ್ಟರ್ ಮೂಲಕ ಸೇರಿಸಿ. ಅದಕ್ಕೆ ಸಮಾನಾಂತರವಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್ ವೋಲ್ಟೇಜ್ ತಾಳುವ) ಕೆಪಾಸಿಟರ್ ಮತ್ತು ಕೆಬಿಪಿಸಿ 3510 ಬ್ರಿಡ್ಜ್. ಬ್ರಿಡ್ಜ್‌ನ ಪ್ಲಸ್-ಮೈನಸ್ ಎರಡನ್ನೂ ಒಂದಕ್ಕೊಂದು ದಪ್ಪ ವೈರಿನಿಂದ ಶಾರ್ಟ್ ಮಾಡಿ. ಎಸಿ ತುದಿಗಳಲ್ಲಿ ಒಂದು ಸ್ಟಾರ್‌ಗೆ, ಇನ್ನೊಂದು ಕ್ಯಾಬಿನೆಟ್ಟಿಗೆ. ಲೂಪಿನ ಮಿಲಿವೋಲ್ಟ್‌ಗಳಿಗೆ ಡಯೋಡ್ ತೆರೆಯುವುದಿಲ್ಲ, 10 ಓಮ್ ಆ ಕರೆಂಟನ್ನು ಕುಗ್ಗಿಸುತ್ತದೆ. ದೋಷವಾಗಿ ಮೇನ್ಸ್ ಗ್ರೌಂಡಿಗೆ ಬಂದರೆ ಒಂದೂವರೆ ವೋಲ್ಟ್ ಸುಮಾರಿಗೆ ಡಯೋಡ್‌ಗಳು ತೆರೆದು ಪೂರ್ತಿ ಕರೆಂಟ್ ಅರ್ಥ್‌ಗೆ ಹರಿದು ಫ್ಯೂಸ್ ಹಾರುತ್ತದೆ. ಚಿಕ್ಕ ಡಯೋಡ್‌ಗಳಿಂದ ಮಾಡಬೇಡಿ. ಫ್ಯೂಸ್‌ಗಿಂತ ಮೊದಲು ಅವೇ ಹಾರಿಹೋದರೆ ರಕ್ಷಣೆಯೂ ಹೋಯಿತು.

ಇದನ್ನು ಹಾಕಿದ ಮೇಲೆ ಆರ್‌ಸಿಎ ಹೊರಬಳೆಗೂ ಕ್ಯಾಬಿನೆಟ್ಟಿಗೂ ನಡುವೆ ಮೀಟರಿನಲ್ಲಿ 10 ಓಮ್ ಕಾಣಬೇಕು. ಸೊನ್ನೆ ಕಂಡರೆ ಎಲ್ಲೋ ಸಾಕೆಟ್, ಹೀಟ್ ಸಿಂಕ್ ಅಥವಾ ಬೋರ್ಡಿನ ಸ್ಕ್ರೂ ಕ್ಯಾಬಿನೆಟ್ಟಿಗೆ ತಾಗಿದೆ, ಬ್ರೇಕರ್ ಇದ್ದೂ ಇಲ್ಲದಂತೆ. ಒಂದೊಂದೇ ಸ್ಕ್ರೂ ಸಡಿಲಿಸುತ್ತಾ 10 ಓಮ್ ಕಾಣುವವರೆಗೆ ಹುಡುಕಿ.